ಅಡ್ಡ ನಿಂತ ಆಮೆ

"ಹುಲಿ ದಾಳಿಗೆ ಬಂತು ಅಜ್ಜೀ, ನಿಮ್ಮ ಆಮೆನ ಅಡ್ಡ ಹಾಕಿ," ಎಂದಳು ಮೊಮ್ಮಗಳು, ತನ್ನ ಹುಲಿಯ ಕಾರ್ಡನ್ನು ಅಡ್ಡಡ್ಡವಾಗಿ ಮಲಗಿಸುತ್ತ. ಅಜ್ಜಿ ಆಮೆಯ ಚಿತ್ರವಿದ್ದ ಕಾರ್ಡನ್ನು ಮುಂದಕ್ಕೆ ಸರಿಸಿ ಅಡ್ಡಡ್ಡವಾಗಿ ಮಲಗಿಸಿದರು.

"ಹಾಗಲ್ಲ. ದಾಳಿ ಮಾಡಿದ ಪ್ರಾಣಿ ಮಾತ್ರ ಸುಸ್ತಾಗಿ ಮಲಗತ್ತೆ. ಅಡ್ಡ ಬಂದಿದ್ದು ಮಲಗಲ್ಲ, ನಿಂತೇ ಇರತ್ತೆ."

"ಅಡ್ಡ ಹಾಕು ಅಂದೋಳು ನೀನೇ ತಾನೇ? ಪಾಪ, ಅದಕ್ಕೂ ನನ್ನ ಹಾಗೆ ಮಂಡಿನೋವು. ಮಲಗ್ಲಿ ಬಿಡೇ."

ಹುಡುಗಿ ನಗಲಿಲ್ಲ. ಆಮೆಯನ್ನು ನೆಟ್ಟಗೆ ಮಾಡಲು ಚಾಚಿದ ಬೆರಳು ಕಾರ್ಡಿನ ಮೇಲೆಯೇ ನಿಂತುಬಿಟ್ಟಿತು. ಈ ಆಟವನ್ನು ಅವಳಿಗೆ ಕಲಿಸಿದವನು ಅವಳ ಅಪ್ಪ, ಅಜ್ಜಿಯ ಒಬ್ಬನೇ ಮಗ. ಮೂರು ತಿಂಗಳ ಹಿಂದೆ ಲಾರಿಯೊಂದು ನುಗ್ಗಿ ಬಂದಾಗ ಮಗಳನ್ನು ಆಚೆಗೆ ತಳ್ಳಿ ತಾನು ಅದಕ್ಕೆ ಅಡ್ಡವಾದವನು. ಅಂದಿನಿಂದ ಅಪ್ಪ ಎಂಬ ಮಾತು ಅವಳ ಬಾಯಿಂದ ಹೊರಟಿರಲಿಲ್ಲ.

"ಅಜ್ಜೀ," ಎಂದಳು, ಕಾರ್ಡಿನಿಂದ ಕಣ್ಣು ತೆಗೆಯದೆ. "ಅಪ್ಪ ಅಡ್ಡ ಬಂದಿದ್ದು ತಾನೇ? ಮತ್ತೆ ಅವರು ಯಾಕೆ ಮಲಗಿದ್ರು?"

ದಿನವೂ ಬೆಳಿಗ್ಗೆ ದೇವರ ಮುಂದೆ ಕುಳಿತು ಅಜ್ಜಿ ಕೇಳುತ್ತಿದ್ದುದೂ ಅದನ್ನೇ.