ಅತಿಥಿ ವಿದ್ಯಾರ್ಥಿನಿ

"ಎರಡು ಆಸನಗಳು. ದಯವಿಟ್ಟು ಅಕ್ಕಪಕ್ಕದಲ್ಲಿಯೇ ಇರಲಿ."

ಮಹಡಿ ಕೋಣೆಯ ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದ ವಾರ್ಡನಮ್ಮನ ಎದೆ ಧಸಕ್ಕೆಂದಿತು. ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದವಳು ಪರದೇಶದ ವಿದ್ಯಾರ್ಥಿನಿ. ಬಂದಿದ್ದು ಒಬ್ಬಳೇ. ಹೋಗುವಾಗ ಎರಡು ಟಿಕೆಟ್ ಯಾಕೆ?

ಹುಡುಗಿಯರ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವರು ಅವರು. ಕಾಂಪೌಂಡು ಹಾರುವವಳನ್ನು ಹಿಂದಿನ ದಿನದ ನಡಿಗೆ ನೋಡಿಯೇ ಹಿಡಿಯುತ್ತಿದ್ದೆ ಎಂದು ಇವತ್ತಿಗೂ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಾರೆ. ನಿವೃತ್ತಿಯಾದ ಮೇಲೆ ಕಾಯುವುದಕ್ಕೆ ಉಳಿದದ್ದು ಇದೊಂದು ಮನೆ, ಒಬ್ಬ ಮಗ, ಒಬ್ಬಳು ಸೊಸೆ.

ಭಾರತೀಯ ಸಂಸ್ಕೃತಿ ಮತ್ತು ಸಮಾಜ ಓದಲು ಬಂದ ಹುಡುಗಿಯನ್ನು ಇರಿಸಲು ಕಾಲೇಜಿನವರು ಒಳ್ಳೆಯ ಕುಟುಂಬವೊಂದನ್ನು ಹುಡುಕುತ್ತಿದ್ದರು. ವಾರ್ಡನಮ್ಮ ತಾವಾಗಿಯೇ ಮುಂದೆ ಬಂದರು. ತಮ್ಮದಕ್ಕಿಂತ ಒಳ್ಳೆಯ ಕುಟುಂಬ ಇನ್ನೊಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬಂದ ವಾರದಲ್ಲೇ ಹುಡುಗಿಗೆ 'ಪ್ರಶ್ನೆಪತ್ರಿಕೆ' ಎಂಬ ಹೆಸರು ಬಿತ್ತು. ಪುಸ್ತಕದ ಕನ್ನಡ, ಕೈಯಲ್ಲಿ ನೋಟ್‌ಬುಕ್ಕು, ಬಾಯಿ ಬಿಟ್ಟರೆ ಪ್ರಶ್ನೆ.

"ಈ ಮನೆಯಲ್ಲಿ ನಿರ್ಧಾರಗಳನ್ನು ಯಾರು ತೆಗೆದುಕೊಳ್ಳುತ್ತಾರೆ?"

"ನಾನು."

"ನಿಮ್ಮ ಸೊಸೆ?"

"ಅವಳಾ? ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ ಅಂತ ಈಗ್ಲೂ ನನ್ನೇ ಕೇಳ್ತಾಳೆ. ಬರ್ಕೋ ಅದನ್ನ."

ಹುಡುಗಿ ಬರೆದುಕೊಂಡಳು. ಸೊಸೆ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮದುವೆಯ ಮಾತುಕತೆಯಲ್ಲಿ "ಬೇಕಾದ್ರೆ ಮುಂದಕ್ಕೂ ಓದ್ಲಿ" ಎಂದಿದ್ದವರು ಇದೇ ವಾರ್ಡನಮ್ಮ. ಐದು ವರ್ಷವಾದರೂ ಅದು ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗನಿಗೆ ಮಾತ್ರ ಪ್ರಶ್ನೆಪತ್ರಿಕೆ ಬಂದಮೇಲೆ ಹೊಸ ಪ್ರಾಯ ಬಂತು. ಮೀಸೆ ಬೋಳಿಸಿದ. ತಲೆಗೆ ಬಣ್ಣ ಹಚ್ಚಿದ. ಊಟದ ಮೇಜಿನಲ್ಲಿ ಅವಳೆದುರು ಕೂತು, "ನಮ್ಮಲ್ಲಿ ಹೆಣ್ಣು ಅಂದ್ರೆ ದೇವತೆ" ಎಂದು ವಿವರಿಸುತ್ತಿದ್ದ. ವಿವರಣೆಯ ನಡುವೆಯೇ ಹೆಂಡತಿಯತ್ತ ತಿರುಗಿ, "ಏಯ್, ನೀರೆಲ್ಲಿ?" ಅನ್ನುತ್ತಿದ್ದ.

ಮಧ್ಯಾಹ್ನ ಪ್ರಶ್ನೆಪತ್ರಿಕೆ ಸೊಸೆಯನ್ನು ಮಹಡಿಗೆ ಕರೆದು ಗಂಟೆಗಟ್ಟಲೆ ಏನೇನೋ ಬರೆಸುತ್ತಿದ್ದಳು. "ನಮ್ಮವಳ ಅಕ್ಷರ ಗುಂಡಾಗಿದೆ ನೋಡಿ, ಪುಕ್ಕಟೆ ಗುಮಾಸ್ತೆ ಮಾಡ್ಕೊಂಡಿದ್ದಾಳೆ," ಎಂದು ವಾರ್ಡನಮ್ಮ ಪಕ್ಕದ ಮನೆಯವರ ಹತ್ತಿರ ನಕ್ಕಿದ್ದರು.

ಈಗ ನಗು ಬರಲಿಲ್ಲ. ಮೆಟ್ಟಿಲಿಳಿದು ನೇರ ಮಗನ ಎದುರು ನಿಂತರು.

"ಎಲ್ಲಿಗೋ ಹೊರಟಿದ್ದೀಯ?"

"ಆಫೀಸಿಗೆ."

"ನಾಟಕ ಬೇಡ. ಅವಳು ಎರಡು ಟಿಕೆಟ್ ತಗೊಂಡಿದ್ದಾಳೆ."

ಮಗನ ಕಿವಿ ಕೆಂಪಾಯಿತು. "ನನಗಾ? ನನ್ನ ಹತ್ರ ಏನೂ ಹೇಳ್ಲೇ ಇಲ್ವಲ್ಲಮ್ಮಾ." ಕಾಲರ್ ಸರಿಮಾಡಿಕೊಂಡು, "ಹೇಳಕ್ಕೆ ಸಂಕೋಚ ಇರ್ಬೇಕು," ಅಂದ.

ವಾರ್ಡನಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಬೀರು ತೆಗೆದರು. ಮದುವೆಯಾದ ಹೊಸದರಲ್ಲಿ ಪ್ರವಾಸಕ್ಕೆಂದು ಗಂಡ ಹೆಂಡತಿ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದ್ದರು, ಪ್ರವಾಸ ಮಾತ್ರ ಆಗಿರಲಿಲ್ಲ. ಕವರಿನಲ್ಲಿ ಈಗ ಇದ್ದದ್ದು ಒಂದೇ. ಬಿಡಿಸಿ ನೋಡಿದರು. ಮಗನ ಫೋಟೋ. ಸದ್ಯ, ಬಚಾವ್! ಅದನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹುಡುಗಿ ಹೊರಡುವ ದಿನ ಬೆಳಗ್ಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೂವತ್ತೆಂಟು ವರ್ಷದ ಮಗನನ್ನು ಕೋಣೆಗೆ ತಳ್ಳಿ, ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಅಡ್ಡ ಕುರ್ಚಿ ಎಳೆದುಕೊಂಡು ಕೂತರು. ಒಳಗಿನಿಂದ "ಅಮ್ಮಾ, ಒಂದು ಮಾತಾದ್ರೂ ಆಡಿ ಕಳಿಸ್ತೀನಿ" ಎಂಬ ಗೋಳು ಕೇಳುತ್ತಿತ್ತು.

ಹೀಗಾಗಿ ವಿಮಾನ ನಿಲ್ದಾಣಕ್ಕೆ ಹೋಗಲು ಉಳಿದವಳು ಸೊಸೆಯೊಬ್ಬಳೇ.

"ನೀನು ಹೋಗು. ಅವಳನ್ನ ನಂಬಕ್ಕಾಗಲ್ಲ, ಅರ್ಧ ದಾರೀಲಿ ಇಳಿದು ವಾಪಸ್ ಬಂದಾಳು. ಹತ್ತೋವರೆಗೂ ಜೊತೇಲೇ ಇರ್ಬೇಕು, ಗೊತ್ತಾಯ್ತಾ?"

"ಅವಳ ಪಕ್ಕ ಬಿಟ್ಟು ಕದಲಲ್ಲ ಅತ್ತೆ."

"ಹತ್ತಿದ್ಲು ಅಂತ ಫೋನ್ ಮಾಡು. ಅಲ್ಲಿವರ್ಗೂ ನಾನಿಲ್ಲಿಂದ ಏಳಲ್ಲ."

ಪ್ರಶ್ನೆಪತ್ರಿಕೆ ಬಂದು ವಾರ್ಡನಮ್ಮನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಮನೆಯಿಂದ ಅತ್ಯಂತ ಅಮೂಲ್ಯವಾದುದನ್ನು ಕೊಂಡೊಯ್ಯುತ್ತಿದ್ದೇನೆ," ಅಂದಳು. ಕಣ್ಣು ಒದ್ದೆಯಾಗಿತ್ತು.

ಕೊಂಡೊಯ್ತೀಯ, ಕೊಂಡೊಯ್ತೀಯ, ಎಂದುಕೊಂಡ ವಾರ್ಡನಮ್ಮ ಚಿಲಕವನ್ನೊಮ್ಮೆ ಮುಟ್ಟಿ ನೋಡಿದರು. ಸೊಸೆ ಭಾರದ ಸೂಟ್‌ಕೇಸೊಂದನ್ನು ಎತ್ತಿ ಟ್ಯಾಕ್ಸಿಗೆ ಹಾಕುತ್ತಿದ್ದದ್ದು ಕಿಟಕಿಯಲ್ಲಿ ಕಾಣಿಸಿತು. ದಡ್ಡಿ, ಯಾರ್ಯಾರದೋ ಹೊರೆ ಹೊರುತ್ತಾಳೆ ಎಂದು ಗೊಣಗಿಕೊಂಡರು.

ನಾಲ್ಕು ಗಂಟೆಯ ಹೊತ್ತಿಗೆ ಫೋನ್ ಬಂತು.

"ಹತ್ತಿದ್ಲಾ?"

"ಹತ್ತಿದ್ಲು ಅತ್ತೆ. ಬೆಲ್ಟೂ ಹಾಕ್ಕೊಂಡಿದ್ದಾಳೆ."

ಅಬ್ಬಾ! ವಾರ್ಡನಮ್ಮ ಎದ್ದು, ಗೆದ್ದವರ ಗತ್ತಿನಲ್ಲಿ ಚಿಲಕ ಸರಿಸಿದರು. ಮಗ ಪೆಚ್ಚುಮೋರೆ ಹಾಕಿಕೊಂಡು ಹೊರಬಂದ. ಹಾರುವ ಹಕ್ಕಿಯನ್ನು ಹೊಸಿಲಲ್ಲೇ ಹಿಡಿದಿದ್ದೇನೆ. ಈ ವಯಸ್ಸಿನಲ್ಲೂ ಕಣ್ಣು ಮಂಜಾಗಿಲ್ಲ.

"ಶಹಭಾಸ್. ಒಂದು ಕೆಲಸವಾದ್ರೂ ನೆಟ್ಟಗೆ ಮಾಡ್ದೆ," ಅಂದರು. "ಸರಿ, ಬೇಗ ಬಾ. ಸಂಜೆ ಕಾಫಿ ಆಗ್ಬೇಕು."

"ಬರೋದು ಎರಡು ವರ್ಷ ಆಗುತ್ತೆ ಅತ್ತೆ," ಸೊಸೆ ಅಂದಳು. "ಅವರ ದೇಶದ ಸಂಸ್ಕೃತಿ, ಸಮಾಜ ಓದಕ್ಕೆ ಅಲ್ಲಿಯ ಕಾಲೇಜಲ್ಲಿ ನನಗೆ ಸೀಟು ಸಿಕ್ಕಿದೆ, ಫೋನ್ ಆಫ್ ಮಾಡಿ ಅಂತಿದ್ದಾರೆ, ಇಡ್ಲಾ?"