ಓಗೊಟ್ಟ ಹಕ್ಕಿ

ಸುಣ್ಣಕಲ್ಲಿನ ಹುಲ್ಲುಗಾವಲಿನಲ್ಲಿ ಅದು ಕೊನೆಯ ಗಣತಿ. ಒಂದು ಗೌಜಲಹಕ್ಕಿಯಾದರೂ ಸಿಗದಿದ್ದರೆ ರಕ್ಷಿತ ಪ್ರದೇಶ ಗಣಿಯ ಪಾಲಾಗುತ್ತಿತ್ತು. ಅರಣ್ಯಾಧಿಕಾರಿ ಹಳೆಯ ಬೇಟೆಗಾರರನ್ನೇ ಕರೆಸಿದ್ದರು. ಬೇಟೆ ಬಿಟ್ಟರೂ ಸಾಕಿದ ಗೌಜಲಹಕ್ಕಿಯನ್ನು ಬಿಡದ ದುರಗಪ್ಪ, ಅದರ ಪಂಜರವನ್ನು ತುಂಬೆ ಹೂಗಳ ನಡುವೆ ಇಟ್ಟ.

"ಇದು ಕೂಗಿದ್ರ ಅಡವಿ ಹಕ್ಕಿ ಸುಮ್ನ ಕೂಡಂಗಿಲ್ರಿ. ಮೊದಲೆಲ್ಲ ನಾಕೂ ದಿಕ್ಕಿನಿಂದ ಜಗಳಕ್ಕ ಬರ್ತಿದ್ವು."

ಪಂಜರದ ಹಕ್ಕಿ ಬೆಳಗಿನಿಂದ ಕೂಗಿತು. ಹುಲ್ಲು ಅಲುಗಲಿಲ್ಲ. ಬಿಸಿಲೇರಿದ ಮೇಲೆ ದಿಬ್ಬದಾಚೆಯಿಂದ ಒಂದು ಹಕ್ಕಿ ಓಗೊಟ್ಟಿತು.

ಅಧಿಕಾರಿ ಪೆನ್ನು ತೆಗೆದರು. "ಕೇಳಿದೇನು ದುರಗಪ್ಪಾ? ಒಂದು ಅಂತ ಬರೀಲಾ?"

ದುರಗಪ್ಪ ಪಂಜರಕ್ಕೆ ಬಟ್ಟೆ ಮುಚ್ಚಿದ. ಆಚೆಯ ಕೂಗೂ ನಿಂತಿತು.

"ಬ್ಯಾಡ್ರಿ ಸಾಹೇಬ್ರ. ಆ ಕಡಿ ಎಣಸಾಕ ನನ್ನ ತಮ್ಮನ್ನ ಅವನ ಪಂಜರದ ಜೋಡಿ ನೀವ ಕಳಿಸೀರಿ."