ಮಿನೊಮುಶಿಯ ಕೊನೆಯ ಸಂಚಿಕೆ

ಯಾರೂ ತಡೆಯಲಿಲ್ಲ. ಅಧ್ಯಕ್ಷರ ಕೊಠಡಿಯ ಹೊರಗೆ ಕಾರ್ಯದರ್ಶಿಯ ಕುರ್ಚಿ ಖಾಲಿಯಿತ್ತು. ಕುಸುನೊಕಿ ಫುಮಿಯೆ ಬಾಗಿಲು ತಳ್ಳಿಕೊಂಡು ನೇರ ಒಳಗೆ ನುಗ್ಗಿದರು.

ನೆಗಿಶಿ ಕಪಾಟಿನ ಪುಸ್ತಕಗಳನ್ನು ತೆಗೆದು ಪೆಟ್ಟಿಗೆಗೆ ತುಂಬುತ್ತಿದ್ದ. ಇನ್ನೂ ಮೇಲಿನ ಮಹಡಿಗೆ, ಇನ್ನೂ ದೊಡ್ಡ ಕೊಠಡಿಗೆ ಹೋಗುತ್ತಿದ್ದಾನೆ ಎಂದುಕೊಂಡರು ಫುಮಿಯೆ. ಕಂಪನಿ ಬೆಳೆದಂತೆಲ್ಲ ಇವನೂ ಮಹಡಿ ಹತ್ತುತ್ತಲೇ ಬಂದವನು.

"'ಮಿನೊಮುಶಿ' ನಿಲ್ಲಿಸ್ತಾರಂತೆ. ನಿಜವೇನೋ?"

"ಕೂತ್ಕೊಳ್ಳಿ, ಅಮ್ಮಾವ್ರೆ."

"ನಿಜವೇನೋ?"

"ನಿಜ. ಮುಂದಿನ ಸಂಚಿಕೆಯೇ ಕೊನೇದು."

ಫುಮಿಯೆ ಕುಸಿದು ಕೂತರು. ಅವರ ಗಂಡ ರಿಸಾಕು ಆ ಮಕ್ಕಳ ಮಾಸಪತ್ರಿಕೆ ಶುರುಮಾಡಿದ್ದು ಟೋಕಿಯೊದ ಕಾಂಡಾದಲ್ಲಿ, ಸೋಬಾ ನೂಡಲ್ಸ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಅಚ್ಚಾದ ಹಾಳೆಗಳನ್ನು ಮಡಿಸಿ ಹೊಲಿಯುತ್ತಿದ್ದವರು ಫುಮಿಯೆ. ಅದರ ಚಿತ್ರಕಥೆಗಳನ್ನು ಮಕ್ಕಳು ಹುಚ್ಚೆದ್ದು ಓದಿದರು. ಅವೇ ಪುಸ್ತಕಗಳಾದವು, ಟಿ.ವಿ.ಗೆ ಹೋದವು, ಸಿನಿಮಾ ಆದವು, ಆಟಗಳಾಗಿ ಫೋನಿನೊಳಗೆ ಸೇರಿದವು. ಕಂಪನಿ ಬೇರೆ ಪ್ರಕಾಶನಗಳನ್ನು ಒಂದೊಂದಾಗಿ ನುಂಗಿ ಈ ಗಾಜಿನ ಗೋಪುರ ಕಟ್ಟಿತು. ರಿಸಾಕು ತೀರಿಕೊಂಡ ಮೇಲೆ ಷೇರುಗಳೂ ಕೈಬದಲಾದವು. ಫುಮಿಯೆಗೆ ಉಳಿದಿದ್ದು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ 'ಮಿನೊಮುಶಿ' ಒಂದೇ. ಕಂಪನಿಯಲ್ಲಿ ನಷ್ಟ ತರುತ್ತಿದ್ದುದೂ ಅದೊಂದೇ.

ನೆಗಿಶಿ ತಾನೇ ಚಹಾ ಮಾಡಿ ತಂದಿಟ್ಟ. ಅವರು ಮುಟ್ಟಲಿಲ್ಲ.

"ನಿನ್ನನ್ನ ಸಂಪಾದಕ ಮಾಡಿದ್ದು ಆ ಪತ್ರಿಕೆ. ನಮ್ಮನೇಲಿ ಎಷ್ಟು ಸಲ ಊಟ ಮಾಡಿದೀಯ, ಮರ್ತೇ ಹೋಯ್ತಾ?"

"ನಿಮ್ಮ ಮಿಸೊ ಸಾರಿಗೆ ಯಾವಾಗ್ಲೂ ಉಪ್ಪು ಜಾಸ್ತಿ. ಅದು ಹೇಗೆ ಮರೆಯುತ್ತೆ?"

ಅವರು ನಗಲಿಲ್ಲ.

"ನಿಲ್ಲಿಸಬೇಡಪ್ಪ. ಪುಟ ಕಡಿಮೆ ಮಾಡು. ಎರಡು ತಿಂಗಳಿಗೊಂದು ತಾ. ನಾನು ಇರೋವರೆಗಾದ್ರೂ ಬರ್ಲಿ."

"ನನ್ನ ಕೈಯಲ್ಲಿ ಏನೂ ಇಲ್ಲ, ಅಮ್ಮಾವ್ರೆ."

"ಅಷ್ಟು ದೊಡ್ಡ ಕುರ್ಚೀಲಿ ಕೂತೋನ ಕೈಲಿ ಇಲ್ದಿದ್ರೆ ಇನ್ಯಾರ ಕೈಲಿದೆ?"

ನೆಗಿಶಿ ಕುರ್ಚಿಯ ಕಡೆ ಒಮ್ಮೆ ನೋಡಿ, ಇನ್ನೊಂದು ಪುಸ್ತಕ ತೆಗೆದು ಪೆಟ್ಟಿಗೆಗಿಟ್ಟ.

ಫುಮಿಯೆಗೆ ಬೇರೆ ದಾರಿ ತೋಚಲಿಲ್ಲ. ಕೋಲು ಬದಿಗಿಟ್ಟು, ನೋಯುವ ಮೊಣಕಾಲುಗಳನ್ನು ಮಡಿಸಿ, ನೆಲಕ್ಕೆ ಹಣೆ ತಾಗುವಂತೆ ಬಾಗಿದರು. ನೆಗಿಶಿಯೂ ಎದುರಿಗೆ ಮಂಡಿಯೂರಿ ಬಾಗಿದ.

"ಏಳಿ, ದಯವಿಟ್ಟು ಏಳಿ. ಕ್ಷಮಿಸಿಬಿಡಿ."

ಅದನ್ನೇ ಮತ್ತೆ ಮತ್ತೆ ಹೇಳಿದ. ನಿಲ್ಲಿಸುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಫುಮಿಯೆ ಅವನ ಆಸರೆ ಬೇಡವೆಂದು ಮೇಜು ಹಿಡಿದುಕೊಂಡೇ ಎದ್ದರು. "ನಾನು ಸತ್ತಾಗ ಧೂಪ ಹಚ್ಚೋಕೂ ನೀನು ಬರಬೇಡ."

"ಆಗ್ಲಿ," ಎಂದ ನೆಗಿಶಿ.

ಲಿಫ್ಟಿನ ಬಳಿ ಕಾರ್ಯದರ್ಶಿ ಹುಡುಗಿ ಓಡೋಡಿ ಬಂದು ಅವರ ತೋಳು ಹಿಡಿದಳು. "ನೆಗಿಶಿಯವರನ್ನ ನೋಡಿದ್ರಾ?"

"ಅವನ ಹೆಸರು ಎತ್ತಬೇಡಮ್ಮ."

ಹುಡುಗಿ ಅರ್ಥವಾಗದೆ ಅವರನ್ನೇ ನೋಡಿದಳು.

"ನೀವೂ ಹಾಗಂದ್ರೆ ಹೇಗೆ? 'ಮಿನೊಮುಶಿ' ನಿಲ್ಲಿಸೋಕೆ ಸಹಿ ಹಾಕಲ್ಲ ಅಂದಿದ್ದಕ್ಕೇ ತಾನೆ, ನಿನ್ನೆ ಆಡಳಿತ ಮಂಡಳಿ ಅವರನ್ನ ಕೆಲಸದಿಂದ ತೆಗೆದದ್ದು?"